ಇಂದಿನ ತಾರೀಖು

ಬಾಗಲೂರು
3 ಫೆಬ್ರವರಿ 2008

ಪ್ರೀತಿಯ ಕೋಮಲಾ,

ಫೋನ್ ಮಾಡಬೇಡ ಎಂದಿದ್ದೀಯ, ಮಾಡುವುದಿಲ್ಲ. ಮೇಲ್‌ನಲ್ಲಿ ನಾವಿಬ್ಬರೂ ಇಂಗ್ಲಿಷಿನಲ್ಲಿ ಆಫೀಸಿನವರ ಹಾಗೆ ಮಾತಾಡುತ್ತೇವೆ, ಕೊನೆಗೆ 'ರಿಗಾರ್ಡ್ಸ್' ಬೇರೆ ಹಾಕುತ್ತೇವೆ. ಕಟ್ಟಿಕೊಂಡ ಹೆಂಡತಿಗೆ ರಿಗಾರ್ಡ್ಸ್ ಹೇಳಿ ಹೇಳಿ ಸಾಕಾಗಿದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೂತರೆ ಒತ್ತಕ್ಷರಗಳಿಗೇ ಅರ್ಧ ದಿನ ಬೇಕು. ಆದ್ದರಿಂದ ಇನ್ನು ಕೋಡು ಮೇಲ್‌ನಲ್ಲಿ ಬರಲಿ, ಮಾತು ಕಾಗದದಲ್ಲಿ ಬರಲಿ.

ಡಿಸೆಂಬರಿನಲ್ಲಿ ನೀನು ತಿರುನೆಲ್ವೇಲಿಯ ಕಾಲೇಜಿಗೆ ಹೊರಟಾಗ ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಈ ಕೆಲಸ ಮುಗೀಲಿ. ಡೇಟಾಬೇಸಿನವ್ರು ತಗೋತಾರೋ ಬಿಡ್ತಾರೋ ಗೊತ್ತಾಗ್ಲಿ. ಆಮೇಲೆ ಮನೆಗೆ ಬರ್ತೀನೋ ಇಲ್ವೋ ಹೇಳ್ತೀನಿ" ಎಂದೆ. ಆಗಲಿ ಎಂದೆ ನಾನು. ಆ ಮಾತಿಗೆ ಕಟ್ಟುಬಿದ್ದಿದ್ದೇನೆ.

ಆದರೆ ಕೆಲಸ ಇನ್ನೂ ಮುಗಿದಿಲ್ಲ. ಪ್ರೋಗ್ರಾಂ ಓಡುವಾಗ ತಪ್ಪು ನಡೆದರೆ ಏನು ಮಾಡಬೇಕೆಂದು ಸ್ಟ್ಯಾಂಡರ್ಡ್ ಪುಸ್ತಕದಲ್ಲಿ ಮೂರು ದಾರಿ ಹೇಳಿದ್ದಾರಲ್ಲ: ಮುಂದಿನ ಸಾಲಿಗೆ ಹೋಗು, ಅಲ್ಲಿಂದ ಹೊರಗೆ ಬಾ, ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಅಳಿಸಿ ಹೊರಗೆ ಬಾ. ಮೊದಲ ಎರಡನ್ನು ನೀನು ಚೊಕ್ಕವಾಗಿ ಬರೆದಿದ್ದೀಯ. ಮೂರನೆಯದನ್ನು ಬಿಟ್ಟಿದ್ದೇವೆ. ಅದಿಲ್ಲದೆ ಇದನ್ನು ಸ್ಟ್ಯಾಂಡರ್ಡ್ ಭಾಷೆ ಎಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ಅದನ್ನೇ ಬರೆಯುತ್ತಿದ್ದೇನೆ. ಇನ್ನೂ ಒಂದೆರಡು ತಿಂಗಳು ಹಿಡಿಯಬಹುದು.

ತಿಮ್ಮರಾಯಪ್ಪನವರ ತೋಟದಲ್ಲಿ ಗುಲಾಬಿ ಕೊಯ್ಲು ಜೋರಾಗಿದೆ. ಹದಿನಾಲ್ಕನೇ ತಾರೀಖಿನೊಳಗೆ ಎಲ್ಲ ಬೆಂಗಳೂರಿಗೆ ಹೋಗಬೇಕಂತೆ. ಬಾಡಿಗೆ ಕೊಡಲು ಅವರ ಮನೆಗೆ ಹೋದರೆ ರಾಮಕ್ಕ ಬಾಗಿಲಿಗೇ ಅಡ್ಡ ನಿಂತು, "ಏನ್ಲಾ ನಂದೀಶ, ಕೋಮ್ಲಮ್ಮ ಯಾವಾಗ್ ಬತ್ತಾಳೆ? ಮನೆ ಬಿಕೋ ಅನ್ತದೆ ಕಣ್ಲಾ" ಎಂದರು. ಕೆಲಸ ಮುಗಿದ ಮೇಲೆ ಎಂದೆ. "ಅದೇನ್ ಕೆಲ್ಸಾನೋ, ಆನೆ ಬಸ್ರಿ ಆದಂಗಾಯ್ತು" ಎಂದು ಬೈದರು.

ಊಟ ಸರಿಯಾಗಿ ಮಾಡು.

ನಿನ್ನ
ನಂದೀಶ್


ತಿರುನೆಲ್ವೇಲಿ
17 ಫೆಬ್ರವರಿ 2008

ನಂದೀಶ್,

ರಾಮಕ್ಕ ಹೇಳಿದ್ದು ಸರಿ. ಮೊಸರಲ್ಲಿ ಕಲ್ಲು ಹುಡುಕುವುದು ನಿನ್ನ ಹುಟ್ಟುಗುಣ. ಆ ಮೂರನೆಯ ದಾರಿಯನ್ನು ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸುಗಳಲ್ಲೇ ಹುಡುಕಿದರೂ ಸಿಗುವುದಿಲ್ಲ. ನಮ್ಮನ್ನು ಯಾರೂ ಅದನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಇದ್ದಷ್ಟು ಕೋಡನ್ನೇ ಪ್ಯಾಚ್ ಮಾಡಿ ಡೇಟಾಬೇಸಿನವರಿಗೆ ಕಳಿಸು.

ನನ್ನ ಪಕ್ಕದ ಕೋಣೆಯಲ್ಲಿ ಭಾಗ್ಯಲಕ್ಷ್ಮಿ ಎಂಬುವಳಿದ್ದಾಳೆ. ಕೃಷ್ಣಗಿರಿಯವಳು, ಇಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ನನ್ನ ಹೊಸೂರು ತಮಿಳಿಗೆ ಕ್ಲಾಸಿನಲ್ಲಿ ಹುಡುಗರು ನಗುತ್ತಾರೆಂದು ಅವಳ ಹತ್ತಿರ ದೂರು ಹೇಳಿಕೊಂಡೆ. ಅವಳ ತಮಿಳಿಗೂ ನಗುತ್ತಾರಂತೆ. "ಅದೇನಕ್ಕಾ ನೀವ್ ಗಂಡ ಹೆಂಡ್ತಿ ವರ್ಷಾನ್‌ಗಟ್ಲೆ ಮಾಡ್ತಿರೋದು?" ಎಂದು ಕೇಳಿದಳು. ಡೇಟಾಬೇಸ್ ಅಂದರೆ ದೊಡ್ಡ ಉಗ್ರಾಣ, ಪ್ರತಿ ಸಲ ಹೊರಗೆ ನಿಂತು ಇದು ಕೊಡು ಅದು ಕೊಡು ಎಂದು ಕೂಗುವ ಬದಲು, ಏನು ಹೇಗೆ ಮಾಡಬೇಕೆಂದು ಒಳಗೇ ಬರೆದಿಟ್ಟುಬಿಡುವುದು ಎಂದೆ. ಹಾಗೆ ಬರೆದಿಡಲು ಒಂದೊಂದು ಕಂಪನಿಯದು ಒಂದೊಂದು ಭಾಷೆ. ಎಲ್ಲರೂ ಒಪ್ಪಿದ ಒಂದು ಭಾಷೆ ಪುಸ್ತಕದಲ್ಲಿದೆ. ಯಾರ ಸ್ವತ್ತೂ ಅಲ್ಲದ, ಊರೂರಿನವರು ಸೇರಿ ಪುಕ್ಕಟೆ ಬರೆಯುವ ಡೇಟಾಬೇಸಿಗೆ ಆ ಭಾಷೆ ಕಲಿಸುತ್ತಿದ್ದೇವೆ ಎಂದೆ. "ಸಂಬಳ ಎಷ್ಟು?" ಎಂದಳು. ಇಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು.

ನಗಿಸುವುದು ಮುಗಿಯಿತು. ಈಗ ಹೇಳಬೇಕಾದ್ದು ಹೇಳುತ್ತೇನೆ. ನಿನ್ನ ಎರಡು ಪುಟದ ಕಾಗದದಲ್ಲಿ ಗುಲಾಬಿ ಇದೆ, ಬಾಡಿಗೆ ಇದೆ, ಒತ್ತಕ್ಷರ ಇದೆ. ಇಂಚರ ಇಲ್ಲ. ಅಕ್ಟೋಬರಿನಲ್ಲಿ ನಮ್ಮ ಮಗಳು ಮಿದುಳು ಜ್ವರದಲ್ಲಿ ಹೋದಳು. ಅವಳು ಹೋದ ವಾರವೇ ನೀನು ಮತ್ತೆ ಶಿಫ್ಟ್‌ಗೆ ಹೋದೆ, ಸಂಜೆ ಬಂದು ಕೋಡಿನ ಮುಂದೆ ಕೂತೆ. ಅವಳ ಹೆಸರನ್ನು ನಿನ್ನ ಬಾಯಲ್ಲಿ ಕೇಳಿ ಎಷ್ಟು ದಿನವಾಯಿತೋ. ಒಮ್ಮೊಮ್ಮೆ ನಿನಗೆ ಮರೆತೇಹೋಯಿತೇನೋ ಅನ್ನಿಸುತ್ತದೆ. ನಾನು ಆ ಮನೆ ಬಿಟ್ಟದ್ದು ಆ ಮೌನಕ್ಕೆ ಹೆದರಿ.

ಪ್ಯಾಚ್ ಕಳಿಸು.

ಕೋಮಲಾ


ಬಾಗಲೂರು
30 ಮಾರ್ಚ್ 2008

ಪ್ರೀತಿಯ ಕೋಮಲಾ,

ಉತ್ತರ ತಡವಾಯಿತು. ಬರೆದು ಹರಿದೆ, ಮತ್ತೆ ಬರೆದು ಹರಿದೆ. ಮರೆತಿಲ್ಲ ಎಂಬ ಒಂದು ಮಾತನ್ನು ಮಾತ್ರ ಇಲ್ಲಿ ಬಿಟ್ಟಿದ್ದೇನೆ.

ಮೂರನೆಯ ದಾರಿ ಅರ್ಧಕ್ಕೆ ಬಂದಿದೆ. ಒಂದರೊಳಗೊಂದು ಪ್ರೋಗ್ರಾಂ ಇದ್ದಾಗ ಎಲ್ಲಿಯವರೆಗೆ ಅಳಿಸಬೇಕು ಎಂಬಲ್ಲಿ ಸಿಕ್ಕಿಕೊಂಡಿದೆ. ಪುಸ್ತಕದಲ್ಲಿ ಇದಕ್ಕೆ ಇರುವುದು ಒಂದೇ ವಾಕ್ಯ. ಅದನ್ನು ಓದಿದಷ್ಟೂ ಬೇರೆ ಬೇರೆ ಅರ್ಥ ಬರುತ್ತದೆ. ದಯವಿಟ್ಟು ಅವಸರ ಮಾಡಬೇಡ.

ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಪುಕ್ಕಟೆ ಸಿಕ್ಕಿದ ಡೇಟಾಬೇಸಿನಲ್ಲಿ ಸಂಬಳದ ಲೆಕ್ಕ ಮಾಡುವುದು ಅವರಿಗೆ ಭಯವಂತೆ. ರಾಮಕ್ಕ ಈಚೆಗೆ ನೀನು ಯಾವಾಗ ಬರುತ್ತೀಯ ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಮೊನ್ನೆ ಸುಮ್ಮನೆ ಒಂದು ಲೋಟ ಮಜ್ಜಿಗೆ ತಂದಿಟ್ಟು, ನನ್ನ ಮುಖ ನೋಡಿ ಹೋದರು. ಅವರಿಗೂ ಕೇಳಿ ಕೇಳಿ ಬೇಸರ ಬಂದಿರಬೇಕು.

ನಂದೀಶ್


ತಿರುನೆಲ್ವೇಲಿ
14 ಏಪ್ರಿಲ್ 2008

ನಂದೀಶ್,

ಇವತ್ತು ಪ್ಯಾಚ್ ಕಳಿಸಿಬಿಟ್ಟೆ. ಮೊದಲ ಎರಡು ದಾರಿ ಇರುವ ಜನವರಿಯ ಪ್ರತಿ, ಕೋಡು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ನೀನು ಬರೆದ ಪರೀಕ್ಷೆಗಳ ಸಮೇತ. ಇಬ್ಬರ ಹೆಸರೂ ಹಾಕಿದ್ದೇನೆ, ನಿನ್ನದು ಮೊದಲು.

ಕೇಳಲಿಲ್ಲ ಎಂದು ಕೋಪ ಬರುತ್ತದೆ, ಬರಲಿ. ಕೇಳಿದ್ದರೆ ನೀನು ದೀಪಾವಳಿಗೆ ಕಳಿಸೋಣ ಎನ್ನುತ್ತಿದ್ದೆ. ನಿನಗೆ ಈ ಕೆಲಸ ಮುಗಿಯುವುದು ಬೇಕಿಲ್ಲ, ಇದರೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಿರುವುದು ಬೇಕು. ನನಗೆ ಇದು ಮುಗಿಯಬೇಕು, ನಂದೀಶ್. ಎಲ್ಲಾದರೂ ಒಂದು ಕಡೆ ಮುಗಿಯಿತು ಎಂದು ಯಾರಾದರೂ ಹೇಳಬೇಕು.

ಆಗಲೇ ಉತ್ತರ ಬಂದಿದೆ. ಬ್ರೆಜಿಲಿನ ಒಬ್ಬ ಹೆಂಗಸು ತನ್ನ ಯಂತ್ರದಲ್ಲಿ ಓಡಿಸಿ ನೋಡಿದಳಂತೆ, ಎಲ್ಲ ಪರೀಕ್ಷೆಗಳೂ ಪಾಸ್. ಕೋಡು ಓದಲು ಹಿತವಾಗಿದೆ ಎಂದು ಬರೆದಿದ್ದಾಳೆ. ಕೋಣೆಯಲ್ಲಿ ಒಬ್ಬಳೇ ಕೂತು ಆ ಸಾಲು ಓದಿ ಅತ್ತೆ. ತೀರ್ಮಾನ ಜೂನ್ ಮಧ್ಯದಲ್ಲಿ.

ಕೋಮಲಾ


ಬಾಗಲೂರು
25 ಏಪ್ರಿಲ್ 2008

ಕೋಮಲಾ,

ಕಳಿಸಿದ್ದು ಒಳ್ಳೆಯದಾಯಿತು.

ಇಲ್ಲಿ ಬಿಸಿಲು ಹೆಚ್ಚು. ಬೋರ್‌ವೆಲ್‌ನಲ್ಲಿ ನೀರಿದೆ.

ನಂದೀಶ್


ತಿರುನೆಲ್ವೇಲಿ
24 ಮೇ 2008

ನಂದೀಶ್,

ನಿನ್ನ ಮೂರು ಸಾಲಿನ ಕಾಗದಕ್ಕೆ ಉತ್ತರ ಬರೆಯಬಾರದೆಂದಿದ್ದೆ. ಈಗ ಬರೆಯದೆ ಆಗುವುದಿಲ್ಲ. ಮೇಲ್ ನೋಡಿದೆಯಾ? ಹತ್ತು ಜನ ಓದುವ ಕಡೆ ನಾನು ಏನೂ ಹೇಳಲಾರೆ, ಅದಕ್ಕೇ ಇಲ್ಲಿ.

ಬುಧವಾರ ಲ್ಯಾಬಿನಲ್ಲಿ ಹುಡುಗರಿಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಅವರು ಬರೆಯುತ್ತಿದ್ದಾಗ ನಾನು ಮೇಲ್ ತೆಗೆದೆ. ಅದೇ ಬ್ರೆಜಿಲಿನವಳು. ಇಷ್ಟು ದಿನ ಸರಿಯಾಗಿದ್ದ ನಿಮ್ಮ ಒಂದು ಪರೀಕ್ಷೆ ಇವತ್ತಿನಿಂದ ಫೇಲ್ ಆಗುತ್ತಿದೆ, ನಾವು ಏನನ್ನೂ ಬದಲಿಸಿಲ್ಲ, ನೋಡಿ ಎಂದು ಬರೆದಿದ್ದಳು. ಕೆಳಗೆ ಒಂದು ಸಾಲು: ಬರಬೇಕಾದ ಉತ್ತರ 4, ಬಂದ ಉತ್ತರ 5.

ಬುಧವಾರ ಇಪ್ಪತ್ತೊಂದನೇ ತಾರೀಖು. ಇಂಚರ ಹುಟ್ಟಿದ ದಿನ.

ನನಗೆ ತಕ್ಷಣ ಹೊಳೆಯಲಿಲ್ಲ, ನೋಡು. ಮೇಷ್ಟರಂತೆ ಕಡತ ತೆಗೆದೆ. 'ವಯಸ್ಸು' ಎಂಬ ಪರೀಕ್ಷೆ. ಹೋದ ವರ್ಷ ಇದೇ ದಿನಗಳಲ್ಲಿ ನೀನು ಬರೆದದ್ದು. ಅವಳು ನಿನ್ನ ತೊಡೆಯ ಮೇಲೆ ಕೂತು, ತಾನೂ ಒತ್ತುತ್ತೇನೆಂದು ಹಟ ಮಾಡುತ್ತಿದ್ದಳು. ಉದಾಹರಣೆಗೆ ಒಂದು ಹೆಸರು, ಒಂದು ಹುಟ್ಟಿದ ತಾರೀಖು ಬೇಕಿತ್ತು. ಇಂಚರ ಎಂದು ಹಾಕಿದೆ. ಪ್ರೋಗ್ರಾಂ ಇಂದಿನ ತಾರೀಖಿನಿಂದ ಹುಟ್ಟಿದ ತಾರೀಖು ಕಳೆದು ವಯಸ್ಸು ಹೇಳುತ್ತದೆ. ಬರಬೇಕಾದ ಉತ್ತರ ನಾಲ್ಕು ಎಂದು ಬರೆದಿಟ್ಟೆ, ಯಾಕೆಂದರೆ ಅವತ್ತು ಅವಳಿಗೆ ನಾಲ್ಕು. ಪರೀಕ್ಷೆಯಲ್ಲಿ ಇಂದಿನ ತಾರೀಖು ಬಳಸಬಾರದು, ಅದು ದಿನವೂ ಬದಲಾಗುತ್ತದೆ ಎಂದು ಮೊದಲ ವರ್ಷದವರಿಗೆ ನಾನು ಹೇಳಿಕೊಡುತ್ತೇನೆ. ನೀನೂ ನಾನೂ ಒಂದು ವರ್ಷ ಅದನ್ನು ನೋಡಲಿಲ್ಲ.

ನಾನೇ ಓಡಿಸಿ ನೋಡಿದೆ. ನನ್ನ ಯಂತ್ರವೂ ಐದು ಎಂದಿತು. ಹುಡುಗರೆಲ್ಲ ಎದುರಿಗಿದ್ದರು, ಎದ್ದು ಹೊರಗೆ ಹೋಗುವ ಹಾಗೂ ಇರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ.

ಸರಿಪಡಿಸುವುದು ಒಂದೇ ಸಾಲಿನ ಕೆಲಸ. ಇಂದಿನ ತಾರೀಖಿನ ಜಾಗದಲ್ಲಿ ಯಾವುದಾದರೂ ಒಂದು ಗೊತ್ತಾದ ತಾರೀಖು ಹಾಕು, ಆಯಿತು. ಅದು ನಿನ್ನ ಕಡತ, ನೀನೇ ಮಾಡು. ನನ್ನ ಕೈಯಲ್ಲಿ ಆಗುವುದಿಲ್ಲ. ಈಗ ಮೂವರು ಕೇಳುತ್ತಿದ್ದಾರೆ. ತೀರ್ಮಾನ ಹತ್ತಿರ ಬರುತ್ತಿದೆ.

ಕೋಮಲಾ


ಬಾಗಲೂರು
1 ಜೂನ್ 2008

ಪ್ರೀತಿಯ ಕೋಮಲಾ,

ನಾನೂ ಅದನ್ನು ನೋಡಲಿಲ್ಲ ಎಂದು ನೀನು ಬರೆದೆ. ನೋಡಿದ್ದೆ. ಜನವರಿಯಲ್ಲಿ ಎಲ್ಲ ಪರೀಕ್ಷೆಗಳನ್ನೂ ತಿದ್ದುವಾಗ ಇದು ಕಣ್ಣಿಗೆ ಬಿತ್ತು. ಮೇ ತಿಂಗಳಲ್ಲಿ ಫೇಲ್ ಆಗುತ್ತದೆಂದು ಗೊತ್ತಾಯಿತು. ಬೇಕೆಂದೇ ಬಿಟ್ಟೆ.

ಇಪ್ಪತ್ತೊಂದರ ಬೆಳಿಗ್ಗೆ ಶಿಫ್ಟ್ ಬಸ್ಸಿಗೆ ಮೊದಲು ಓಡಿಸಿದೆ. ಐದು ಎಂದಿತು. ಇವತ್ತು ಇಂಚರಳಿಗೆ ಐದು ಎಂದು ಹೇಳುವವರು ಯಾರೂ ಇರಲಿಲ್ಲ, ಕೋಮಲಾ. ರಾಮಕ್ಕ ಹೇಳುವುದಿಲ್ಲ, ನಿನ್ನ ಅಮ್ಮ ಹೇಳುವುದಿಲ್ಲ, ನೀನೂ ಹೇಳುವುದಿಲ್ಲ. ಒಂದು ಯಂತ್ರ ಹೇಳಿತು. ಬ್ರೆಜಿಲಿನಲ್ಲೂ ಹೇಳಿತು ಎಂದು ಸಂಜೆ ಓದಿದಾಗ ನನಗೆ ಸಂತೋಷವಾಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಸಂತೋಷವೇ ಆಯಿತು. ಅವಳ ಹೆಸರಿನ ಮುಂದೆ ಒಂದು ವರ್ಷ ಹೆಚ್ಚಾಗಿದೆ ಎಂದು ಯಾರೋ ಕಂಡವರು ಗಮನಿಸಿದರಲ್ಲ. ಮುಂದಿನ ವರ್ಷ ಆರು ಎನ್ನುತ್ತದೆ. ಒಂದನೇ ಕ್ಲಾಸು.

ಸರಿಪಡಿಸಲು ದಿನವೂ ಕೂರುತ್ತೇನೆ. ಆ ಸಾಲಿನವರೆಗೆ ಹೋಗಿ ನಿಲ್ಲುತ್ತೇನೆ. ಒಂದು ತಾರೀಖು ಹಾಕಿಬಿಟ್ಟರೆ ಅವಳು ಅಲ್ಲೇ ನಿಂತುಹೋಗುತ್ತಾಳೆ. ನನ್ನ ಕೈಯಾರೆ ನಿಲ್ಲಿಸಿದ ಹಾಗಾಗುತ್ತದೆ.

ಇನ್ನೊಂದು ಮಾತು. ಮೂರನೆಯ ದಾರಿ, ಪುಸ್ತಕದ ವಾಕ್ಯ ಎಲ್ಲ ನೆಪ. ಕೆಲಸ ಮುಗಿದರೆ ನೀನು ಉತ್ತರ ಹೇಳಬೇಕಾಗುತ್ತದೆ. ಅದು ಇಲ್ಲ ಎಂದಿದ್ದರೆ? ಮುಗಿಯದಿದ್ದರೆ ನಿನಗೆ ಕಾಗದ ಬರೆಯಲು ಒಂದು ಕಾರಣವಾದರೂ ಇರುತ್ತಿತ್ತು. ಬಾಗಿಲು ಹಾಕಿಕೊಂಡಿದ್ದೇನೆ ಎಂದು ಬರೆದೆಯಲ್ಲ, ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ನೀನು ಬಾ. ಇದಕ್ಕಿಂತ ಬೇರೆ ಏನನ್ನೂ ಕೇಳಲು ನನಗೆ ಬರುವುದಿಲ್ಲ.

ನಂದೀಶ್


ತಿರುನೆಲ್ವೇಲಿ
15 ಜೂನ್ 2008

ನಂದೀಶ್,

ಮರೆತೆಯೇನೋ ಎಂದು ಫೆಬ್ರವರಿಯಲ್ಲಿ ಬರೆದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮಾರ್ಚಿನಲ್ಲೇ ತೆಗೆದುಕೊಂಡೆ, ಹೇಳಲಿಲ್ಲ.

ತೀರ್ಮಾನ ನೀನೂ ಓದಿರುತ್ತೀಯ. ಬೇಡ ಎಂದರು. ಮರ್ಯಾದೆಯಿಂದಲೇ ಹೇಳಿದರು. ಡೇಟಾಬೇಸಿನೊಳಗೆ ಈಗಾಗಲೇ ತನ್ನದೇ ಒಂದು ಭಾಷೆ ಇದೆ, ಜನಕ್ಕೆ ಅದು ರೂಢಿಯಾಗಿದೆ, ಎರಡನ್ನು ಸಾಕುವ ಶಕ್ತಿ ನಮಗಿಲ್ಲ, ಬೇಕಾದವರು ಹೊರಗಿನಿಂದ ಸೇರಿಸಿಕೊಳ್ಳಲಿ. ಆ ಪರೀಕ್ಷೆ ಇದಕ್ಕೆ ಕಾರಣವಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೂರು ವರ್ಷದ ಕೆಲಸ. ಭಾಗ್ಯಲಕ್ಷ್ಮಿ ಕೇಳಿ, "ಓಗ್ಲಿ ಬುಡಕ್ಕಾ, ಸಂಬ್ಳಾನೂ ಇರ್ಲಿಲ್ವಲ್ಲ" ಎಂದಳು. ಆ ಮಾತಿಗೆ ನಗು ಬಂತು, ಆಮೇಲೆ ನಿಲ್ಲಿಸಲು ಆಗಲಿಲ್ಲ.

ಈಗ ನನ್ನ ಸರದಿ. ಮಾರ್ಚಿನಲ್ಲಿ ಗುಡ್‌ಫ್ರೈಡೇ ರಜ ಸೇರಿಸಿಕೊಂಡು ನಾನು ಬಾಗಲೂರಿಗೆ ಬಂದಿದ್ದೆ. ಹೇಳದೆ ಬಂದು ಬಾಗಿಲು ತಟ್ಟಬೇಕು, ಇಲ್ಲೇ ಇದ್ದುಬಿಡಬೇಕು ಎಂದುಕೊಂಡೇ ಚೀಲ ತುಂಬಿದ್ದೆ. ಬಸ್ಸಿಳಿದು ತೋಟದ ಬೇಲಿಯವರೆಗೆ ಬಂದೆ. ನೀನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ನಿನ್ನ ಎರಡು ಶರ್ಟು, ಉಳಿದದ್ದೆಲ್ಲ ಅವಳದು. ಹಳದಿ ಫ್ರಾಕು, ಶಾಲೆಗೆಂದು ತಂದು ಹಾಕದೇ ಇದ್ದ ಬಿಳಿ ಸಾಕ್ಸು. ಒಂದೊಂದನ್ನೂ ಕೊಡವಿ, ತಿರುವಿ, ಕ್ಲಿಪ್ ಹಾಕುತ್ತಿದ್ದೆ.

ರಾಮಕ್ಕ ಬೇಲಿ ಹತ್ತಿರ ಹುಲ್ಲು ಕೊಯ್ಯುತ್ತಿದ್ದವರು ನನ್ನನ್ನು ನೋಡಿ ಬಂದರು. "ವಾರ ವಾರ ಒಗೀತಾನೆ ಕಣವ್ವ. ಯಾಕಪ್ಪಾ ಅಂದ್ರೆ, ಧೂಳ್ ಕುಂತ್ಕತದೆ ರಾಮಕ್ಕ ಅಂದ. ನಾನೇನ್ ಯೋಳ್ಲಿ?" ಎಂದರು. ನಾನು ಬಂದದ್ದು ಹೇಳಬೇಡಿ ಎಂದು ಕೈ ಹಿಡಿದುಕೊಂಡೆ. "ನಾನ್ಯಾಕ್ ಯೋಳ್ಲವ್ವ. ನೀನ್ ಓಗ್ಬುಟ್ರೆ ಆಯ್ತದಾ?" ಎಂದರು. ಹೋಗಿಬಿಟ್ಟೆ. ಹೊಸೂರಿನವರೆಗೂ ಬಸ್ಸಿನಲ್ಲಿ ನಿಂತೇ ಹೋದೆ, ಸೀಟಿದ್ದರೂ.

ನಿನ್ನ ತಪ್ಪೆಂದು ಹೇಳುತ್ತಿಲ್ಲ. ದಿನವೂ ಏಳುವಾಗ ಅವಳು ಹೋದಳು, ಅವಳಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಕಾಲೇಜಿಗೆ ಹೋಗುತ್ತೇನೆ. ಅಷ್ಟು ಹೇಳಿಕೊಳ್ಳದಿದ್ದರೆ ಕಾಲು ನೆಲಕ್ಕೆ ಇಳಿಯುವುದಿಲ್ಲ. ನಿನ್ನ ಹತ್ತಿರ ಬಂದರೆ ನಾನೂ ಆ ಬಟ್ಟೆ ಒಗೆಯಲು ನಿಲ್ಲುತ್ತೇನೆ. ನಿನ್ನ ಜೊತೆ ಕೂತು ಆರು, ಏಳು ಎಂದು ಎಣಿಸುತ್ತೇನೆ. ನನಗೂ ಅದೇ ಬೇಕು, ಅದೇ ನನ್ನ ಭಯ. ಇಬ್ಬರೂ ಮುಳುಗಿದರೆ ಎತ್ತುವವರು ಯಾರು?

ಅವಳಿಗೆ ನಾಲ್ಕು, ನಂದೀಶ್. ಐದಾಗಲಿಲ್ಲ.

ಇಲ್ಲಿ ಕೆಲಸ ಖಾಯಂ ಮಾಡಿದ್ದಾರೆ. ನಾನು ಬರುವುದಿಲ್ಲ. ಈ ವಾಕ್ಯ ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ. ನಿನ್ನ ಮೇಲಿನ ಪ್ರೀತಿ ಇದ್ದ ಹಾಗೇ ಇದೆ, ಅದರಿಂದ ಏನೂ ಆಗುತ್ತಿಲ್ಲ.

ಕೋಮಲಾ


ಬಾಗಲೂರು
6 ಜುಲೈ 2008

ಪ್ರೀತಿಯ ಕೋಮಲಾ,

ನಿನ್ನ ಕಾಗದ ತಲುಪಿತು. ಬಾ ಎಂದು ಮತ್ತೆ ಕರೆಯುವುದಿಲ್ಲ. ನೀನು ಅಲ್ಲಿ ದಿನವೂ ಎದ್ದು ಕಾಲೇಜಿಗೆ ಹೋಗುತ್ತಿದ್ದೀಯ ಎಂಬ ನೆಮ್ಮದಿ ನನಗೆ ಇರಲಿ.

ಬಟ್ಟೆಗಳನ್ನು ಯಾರಿಗೂ ಕೊಟ್ಟಿಲ್ಲ, ಕೊಡಲು ಇನ್ನೂ ಆಗುವುದಿಲ್ಲ. ಒಗೆಯುವುದನ್ನು ನಿಲ್ಲಿಸಿದ್ದೇನೆ. ಮಡಿಸಿ ಮೇಲಿಟ್ಟಿದ್ದೇನೆ. ನೀನು ಬರಲಿ ಎಂದು ಮಾಡಿದ್ದಲ್ಲ.

ಈ ಭಾನುವಾರ ಆ ಪರೀಕ್ಷೆ ಸರಿಪಡಿಸಲು ಕೂತೆ. ಈಗ ಅದನ್ನು ಯಾರೂ ಓಡಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ, ಆದರೂ ತಪ್ಪನ್ನು ಹಾಗೇ ಬಿಡಬಾರದು ಅನ್ನಿಸಿತು. ಇಂದಿನ ತಾರೀಖು ಎಂಬುದನ್ನು ಅಳಿಸಿದೆ. ಆ ಜಾಗದಲ್ಲಿ ಯಾವ ತಾರೀಖು ಹಾಕುವುದು? ಯಾವುದಾದರೂ ಒಂದು ಎಂದು ನೀನು ಸುಲಭವಾಗಿ ಬರೆದೆ. ನಾಲ್ಕು ತುಂಬಿದ ಮೇಲೆ ಅವಳಿಗೆ ಸಿಕ್ಕಿದ್ದು ಒಂದಿಷ್ಟು ದಿನ. ಅಷ್ಟರಲ್ಲಿ ಒಂದನ್ನು ಆರಿಸಬೇಕು. ಊಟ ಬಿಟ್ಟು ಆರಿಸುತ್ತಾ ಕೂತೆ. ಬಹಳ ದಿನಗಳು ನನಗೆ ನೆನಪೇ ಇಲ್ಲ, ಆಗ ಶಿಫ್ಟಿನಲ್ಲಿದ್ದೆ.

ಕೊನೆಗೆ 2007ರ ಜುಲೈ ಒಂದು ಎಂದು ಹಾಕಿದೆ. ಅದೂ ಭಾನುವಾರ. ಮೂವರೂ ಕೃಷ್ಣಗಿರಿ ಡ್ಯಾಮಿಗೆ ಹೋಗಿದ್ದೆವು. ದಾರಿಯಲ್ಲಿ ಮಾವಿನಹಣ್ಣು ಕೊಂಡೆವು. ನಾವು ಬೇಡ ಬೇಡ ಎಂದರೂ ಅವಳು ಹೊಟ್ಟೆ ಬಿರಿಯುವ ಹಾಗೆ ತಿಂದಳು, ಬರುವಾಗ ಬಸ್ಸಿನಲ್ಲಿ ನಿನ್ನ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು. ನೀನು ಬೈದೆ, ನಾನು ನಕ್ಕೆ, ನನಗೂ ಬೈದೆ. ಸೂಳಗಿರಿ ದಾಟುವಾಗ ನಿಮ್ಮಿಬ್ಬರಿಗೂ ನಿದ್ದೆ ಬಂದಿತ್ತು. ನಾನು ಎದ್ದಿದ್ದೆ.

ತಾರೀಖು ಹಾಕಿ ಓಡಿಸಿದೆ. ಪ್ರೋಗ್ರಾಂ ನಾಲ್ಕು ಎಂದಿತು. ನಾನೂ ನಾಲ್ಕು ಎಂದೆ.

ನಂದೀಶ್